ಮುಖವಾಡವಲ್ಲ, ಚಿಲಕ

ನಾನು, ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯಲಾದ ಒಂದು ಪುಟ್ಟ ಪ್ರೋಗ್ರಾಂ. ಹುಟ್ಟಿದ್ದು ಧಾರವಾಡದ ಒಂದು ನಿಘಂಟು ಕಚೇರಿಯಲ್ಲಿ, ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ನೀಲಗಂಗಾ ಅವರ ಬೆರಳುಗಳಿಂದ. ಯಂತ್ರಕ್ಕೆ ತಿಳಿಯುವಂತೆ ಮೊದಲ ಸಲ ಕಂಪೈಲ್ ಮಾಡಿದಾಗ ನಾನು ಏಳಲೇ ಇಲ್ಲ. ಜೋಡಿಸಬೇಕಾದ ಲೈಬ್ರರಿಯೊಂದನ್ನು, ಅಂದರೆ ಸಿದ್ಧ ಕೋಡಿನ ಕಂತೆಯೊಂದನ್ನು, ಅವರು ಮರೆತಿದ್ದರು. ನನ್ನನ್ನು ಬಯ್ಯಲಿಲ್ಲ, ಚಹಾ ಕುಡಿದು ಬಂದು ಜೋಡಿಸಿದರು. ಆ ತಾಳ್ಮೆಗೆ ಇಂದಿಗೂ ಕೃತಜ್ಞಳು.

ನನ್ನ ಕೆಲಸ ಇಷ್ಟೇ. ಒಂದು ಕಡತದ ಹೆಸರು ಕೊಟ್ಟರೆ, ಅದನ್ನು ಯಾರು ಓದಬಹುದು, ಯಾರು ಬರೆಯಬಹುದು ಎಂಬ ಅನುಮತಿಯ ಪಟ್ಟಿಯನ್ನು ಕೇಳಿ ಪಡೆಯುತ್ತೇನೆ. ಮೊದಲ ನಮೂದು, ಅದರ ಮುಂದಿನದು, ಮತ್ತೂ ಮುಂದಿನದು ಎಂದು ಮುಗಿಯುವವರೆಗೆ ಓದಿ ಪರದೆಗೆ ಒಪ್ಪಿಸುತ್ತೇನೆ. ಪಟ್ಟಿಯಲ್ಲಿ ಮನುಷ್ಯರು ಬರೀ ಸಂಖ್ಯೆಗಳು. ಸಂಖ್ಯೆಗೆ ಹೆಸರು ಹುಡುಕಿ ಹಾಕುವುದನ್ನೂ ನೀಲಗಂಗಾ ಕಲಿಸಿದ್ದರು.

ನಿಘಂಟಿನ ಕಚೇರಿಯಲ್ಲವೇ, ನಾನು ಕನ್ನಡದಲ್ಲೇ ಮಾತಾಡಬೇಕಿತ್ತು. ಪಟ್ಟಿಯಲ್ಲಿ ಬರುವ, ಇಂಗ್ಲಿಷಿನಲ್ಲಿ ಮಾಸ್ಕ್ ಎನ್ನುವ ನಮೂದಿಗೆ ಅವರು ‘ಮುಖವಾಡ’ ಎಂದು ಹೆಸರಿಟ್ಟರು.

ಸವಣೂರಿನ ಹುಸೇನಬಿ ಅಲ್ಲಿಗೆ ಹೊಸಬರು. ಕೌದಿ ಹೊಲಿಯುವ ಹೆಂಗಸರ ಪದಗಳನ್ನು ಕೇಳಿ ತಂದು ಕಡತಕ್ಕೆ ಸೇರಿಸುವುದು ಅವರ ಕೆಲಸ. ಟೈಪು ಮಾಡುವರು; ಉಳಿಸಲು ಹೋದರೆ ಯಂತ್ರ ಒಪ್ಪದು. ಕಡತದಲ್ಲಿ ಅವರ ಒಂದು ಪದವೂ ಕಾಣದೆ, ಸಂಪಾದಕರಾದ ಅಣ್ಣಿಗೇರಿ ಸರ್ ಬೇರೆಯವರನ್ನು ನೇಮಿಸಿಕೊಳ್ಳುವ ಮಾತಾಡಿದರು. ತಮಗೆ ಅನುಮತಿಯಿಲ್ಲವೇನೋ ಎಂದು ಹುಸೇನಬಿ ಹೇಳಿದಾಗ ಸರ್ ನನ್ನನ್ನು ಕರೆದರು. ನಾನು ಇದ್ದುದನ್ನು ಇದ್ದಂತೆ ಓದಿದೆ. ‘ಹುಸೇನಬಿ: ಓದು, ಬರೆ’. ಅದರ ಕೆಳಗೆ, ‘ಮುಖವಾಡ: ಓದು’.

“ಅನುಮತಿ ಐತಲ್ಲವಾ. ಇನ್ನೇನ ಬೇಕು ನಿನಗ?” ಎಂದರು ಸರ್.

ಕೆಳಗಿನ ಸಾಲನ್ನು ಅವರು ಬಯಲಾಟದ ವಿಭಾಗದಿಂದ ತಪ್ಪಿ ಬಂದ ಪದವೆಂದುಕೊಂಡು ಬಿಟ್ಟುಬಿಟ್ಟರು. ಬಸುರಿ ಮಗಳ ಕುಬಸಕ್ಕೆಂದು ನೀಲಗಂಗಾ ರಜೆಯಲ್ಲಿದ್ದರು. ಹುಸೇನಬಿ ತಮ್ಮ ಕೈಗಳನ್ನೇ ನೋಡಿಕೊಂಡರು. ತಪ್ಪು ಆ ಕೈಗಳದ್ದೇ ಎಂದು ಅವರು ನಂಬಿಯಾಗಿತ್ತು.

ನೀಲಗಂಗಾ ಮರಳಿದ ದಿನ ಹುಸೇನಬಿ ಬಂದದ್ದು ದೂರು ಹೇಳಲಿಕ್ಕಲ್ಲ, ಕೆಲಸ ಬಿಟ್ಟು ಹೋಗಿಬರುತ್ತೇನೆ ಎನ್ನಲು.

“ಹೋಗೂಕಿಂತ ಮೊದ್ಲ ಒಂದ ಕೇಳ್ತೀನ್ರಿ ಅಕ್ಕಾರ. ಈ ಮುಖವಾಡ ಯಾರದು? ನನ್ನ ಹೆಸರಿನ ಕೆಳಗ ಯಾಕ ಕುಂತೈತಿ?”

ನೀಲಗಂಗಾ ನನ್ನನ್ನು ಎಬ್ಬಿಸಿ ಆ ಸಾಲನ್ನು ಓದಿಸಿಕೊಂಡರು. ಆಮೇಲೆ ಬಿಡಿಸಿ ಹೇಳಿದರು. ಹುಸೇನಬಿಯ ಹೆಸರು ಪಟ್ಟಿಗೆ ಸೇರಿದ ಮೇಲೆ, ಕಡತ ಕೆಡದಿರಲೆಂದು ಸರ್ ಒಮ್ಮೆ ಕಚೇರಿಯ ಇಡೀ ಗುಂಪಿಗಿದ್ದ ಬರೆಯುವ ಅನುಮತಿಯನ್ನು ತೆಗೆದಿದ್ದರು. ಹೀಗೆ ಒಬ್ಬೊಬ್ಬರ ಹೆಸರಿನ ಪಟ್ಟಿಯಿರುವ ಕಡತದಲ್ಲಿ ಹಾಗೆ ಮಾಡಿದರೆ ಕತ್ತರಿ ಬೀಳುವುದು ಮಾಸ್ಕಿಗೆ. ಹೆಸರಿನ ಮುಂದೆ ಏನೇ ಇರಲಿ, ಮಾಸ್ಕ್ ಬಿಟ್ಟುಕೊಟ್ಟಷ್ಟೇ ಕೈಗೆ ದಕ್ಕುವುದು. ಕಡತದ ಒಡೆಯರಾದ ಅಣ್ಣಿಗೇರಿ ಸರ್ ಅವರಿಗೆ ಮಾತ್ರ ಅದು ತಟ್ಟದು. ಹಾಗಾಗಿ ಸರ್‌ಗೆ ಗೊತ್ತೇ ಆಗಲಿಲ್ಲ.

“ಅಂದ್ರ, ಸೊಸಿ ಕೈಯಾಗ ಕೀಲಿಕೈ ಕೊಟ್ಟು ಅತ್ತಿ ಒಳಗಿಂದ ಚಿಲಕ ಹಾಕ್ಯಾಳ ಅನ್ರಿ,” ಎಂದರು ಹುಸೇನಬಿ.

ನೀಲಗಂಗಾ ನಕ್ಕರು. ನಗು ನಡುವೆಯೇ ನಿಂತಿತು. ಅವರಿಗೂ ಅಂಥದೊಂದು ಬಾಗಿಲು ನೆನಪಾಗಿರಬೇಕು. ಮಾಸ್ಕನ್ನು ಸಡಿಲಿಸಿದರು. ಹುಸೇನಬಿ ಒಂದು ಪದ ಬರೆದು ಉಳಿಸಿದರು. ಯಂತ್ರ ಒಪ್ಪಿತು.

ಅಣ್ಣಿಗೇರಿ ಸರ್ ಬಂದು ನೋಡಿ, “ನಂದ ತಪ್ಪಾತು. ಕೆಲಸ ಮುಂದುವರಸ್ರಿ,” ಎಂದರು. ಅವರು ಹುಸೇನಬಿಗೆ ‘ರಿ’ ಹಚ್ಚಿ ಮಾತಾಡಿದ್ದು ಅದೇ ಮೊದಲು.

ಅಂದೇ ನೀಲಗಂಗಾ ನನ್ನೊಳಗಿನ ‘ಮುಖವಾಡ’ ಅಳಿಸಿ ‘ಚಿಲಕ’ ಎಂದು ಬರೆದರು. ಪ್ರತಿ ಹೆಸರಿನ ಮುಂದೆ, ಚಿಲಕ ಕಳೆದು ನಿಜಕ್ಕೂ ಉಳಿಯುವುದೆಷ್ಟು ಎಂಬುದನ್ನೂ ಹೇಳಲು ಕಲಿಸಿದರು.

ಈಗ ನಾನು ಮುದುಕಿ. ಹೊಸ ಯಂತ್ರಗಳು ಬಣ್ಣದ ಕಿಟಕಿಯಲ್ಲಿ ಎಲ್ಲವನ್ನೂ ತೋರಿಸುತ್ತವೆ. ನಾನು ಹಳೆಯ ಡಿಸ್ಕಿನ ಮೂಲೆಯಲ್ಲಿದ್ದೇನೆ. ನೀಲಗಂಗಾ ನಿವೃತ್ತರಾದರು. ಕೌದಿ ಪದಗಳ ವಿಭಾಗವನ್ನು ಹುಸೇನಬಿ ನಡೆಸುತ್ತಾರೆ. ಹೊಸ ಹೆಣ್ಣುಮಗಳು ಯಾರಾದರೂ ಕೆಲಸಕ್ಕೆ ಬಂದರೆ ಪಕ್ಕದಲ್ಲಿ ಕೂರಿಸಿಕೊಂಡು ನನ್ನನ್ನೇ ಎಬ್ಬಿಸುತ್ತಾರೆ. ಇದ್ದುದನ್ನು ಓದುವುದು ಮಾತ್ರ ಗೊತ್ತಿದ್ದ ನನಗೆ, ಓದಿದ್ದರ ಅರ್ಥವನ್ನು ಆ ಇಬ್ಬರು ಹೆಂಗಸರು ಕೊಟ್ಟರು. ಹೊಸಬಳ ಹೆಸರಿನ ಮುಂದೆ ‘ಬರೆ’ ಎಂದು ಮೂಡಿಸುವಾಗ, ಅವಳು ನಿಜವಾಗಿ ಬರೆಯಬಲ್ಲಳೆಂದು ನನಗೆ ತಿಳಿದಿರುತ್ತದೆ.