ಗೂನುಬೆನ್ನಿನ ಮೀನುಗಳು

"ಆರ್ವೋ, ಒಂದ್ನಿಮಿಷ ಬನ್ನಿ ಇಲ್ಲಿ! ಈ ಬೆನ್ನು ನೋಡಿ, ಹೇಗೆ ಗೂನಾಗಿದೆ!"

ಮಾರ್ನಿ ಕಂಪ್ಯೂಟರಿನ ಮುಂದೆ ಕುಳಿತಲ್ಲಿಂದಲೇ ಕೂಗಿದಳು. ಉತ್ತರ ಒಂಟಾರಿಯೋದ ಆ ಪುಟ್ಟ ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಮೀನಿನ ಜಾಡಿಗಳನ್ನು ಕಾಯುತ್ತಾ ಮೂವತ್ತೈದು ವರ್ಷ ಸವೆಸಿದ್ದ ಆರ್ವೋ, ಕಾಫಿ ಲೋಟ ಕೆಳಗಿಟ್ಟು ಎದ್ದು ಬಂದ. ಬರುವ ಜೂನ್‌ಗೆ ಅವನ ನಿವೃತ್ತಿ.

ಪಿಎಚ್.ಡಿ.ಗಾಗಿ ಮಾರ್ನಿ ಆ ಜಾಡಿಗಳ ಇನ್ನೂರ ಹನ್ನೆರಡು ಬಿಳಿಮೀನುಗಳ ಫೋಟೋ ತೆಗೆದು, ಮೂತಿ, ರೆಕ್ಕೆ, ಬಾಲಗಳ ಮೇಲೆ ಚುಕ್ಕಿಯಿಟ್ಟು, ಮೂರು ವರ್ಷದಿಂದ ಅಳೆಯುತ್ತಿದ್ದಳು. ಮೇಲಿನ ಸರೋವರದ ಮೀನಿನ ಬೆನ್ನು ಬಾಗಿತ್ತು, ಕೆಳಗಿನದರದ್ದು ನೇರವಾಗಿತ್ತು. ನಡುವೆ ಇದ್ದದ್ದು ಒಂದೇ ಒಂದು ಜಲಪಾತ.

"ಒಂದೇ ಜಾತಿ, ಎರಡು ಆಕಾರ! ಸೋಮವಾರ ಲೇಖನ ಕಳಿಸ್ತಿದೀನಿ. ಮೊದಲ ಥ್ಯಾಂಕ್ಸ್ ನಿಮಗೇ. ನೀವು ಆ ಮೀನು ಹಿಡೀದೇ ಇದ್ರೆ ನಾನೆಲ್ಲಿ ಡಾಕ್ಟರ್ ಆಗ್ತಿದ್ದೆ?"

ಆರ್ವೋ ನಗಲಿಲ್ಲ. ಬಗ್ಗಿ ಫೋಟೋದ ಕೆಳಗಿದ್ದ ತಾರೀಖು ಓದಿದ.

ಅದು ಅವನು ಕೆಲಸಕ್ಕೆ ಸೇರಿದ ಮೊದಲ ಮೇ ತಿಂಗಳು. ಹಿಡಿದ ಮೀನನ್ನು ಅಗಲ ತಟ್ಟೆಯಲ್ಲಿ ನೆಟ್ಟಗೆ ಮಲಗಿಸಿ, ಫಾರ್ಮಾಲಿನ್‌ನಲ್ಲಿ ಸೆಟೆದ ಮೇಲಷ್ಟೇ ಆಲ್ಕೋಹಾಲಿನ ಜಾಡಿಗೆ ಹಾಕಬೇಕು; ಸೆಟೆದಾಗಿನ ಆಕಾರ ಮತ್ತೆ ಬದಲಾಗುವುದಿಲ್ಲ. ಕೆಳಗಿನ ಸರೋವರದಲ್ಲಿ ಹಾಗೇ ಮಾಡಿದ್ದ. ಮೇಲಿನದಕ್ಕೆ ಹೋದ ದಿನ ತಟ್ಟೆಗಳನ್ನು ಮರೆತುಬಂದಿದ್ದ. ತರಲು ಹೋಗಿದ್ದರೆ ಟೀವಿಯಲ್ಲಿ ಐಸ್ ಹಾಕಿ ಪಂದ್ಯ ತಪ್ಪುತ್ತಿತ್ತು. ಗೇಣುದ್ದದ ಮೀನುಗಳನ್ನು ಉಪ್ಪಿನಕಾಯಿ ಜಾಡಿಗಳಿಗೆ ತಲೆಕೆಳಗಾಗಿ ತುರುಕಿ, ದಾಖಲೆ ಪುಸ್ತಕದಲ್ಲಿ 'ಎಂದಿನಂತೆ' ಎಂದು ಗೀಚಿ, ಊರಿನ ದಾರಿ ಹಿಡಿದಿದ್ದ. ಅವನ ನೆಚ್ಚಿನ ತಂಡ ಅಂದು ಸೋತಿತ್ತು, ಆ ಮಾತು ಬೇರೆ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹುಡುಗಿ ಡಾಕ್ಟರಾಗುತ್ತಿದ್ದಳು, ಇವನು ಮರ್ಯಾದೆಯಿಂದ ಮನೆಗೆ ಹೋಗುತ್ತಿದ್ದ. ಆದರೆ ನಾಳೆ ಬೇರೆ ಯಾರೋ ಆ ಸರೋವರಕ್ಕೆ ಬಲೆ ಹಾಕಿದರೆ ನೆಟ್ಟಗಿನ ಮೀನೇ ಸಿಕ್ಕೀತು, ಆಗ ನಗೆಪಾಟಲಾಗುವವಳು ಇವಳು.

"ಅದು ಗೂನಲ್ಲ ಮಗಳೇ," ಎಂದ. "ನಾನು ಬಗ್ಗಿಸಿದ್ದು."

ಎಲ್ಲವನ್ನೂ ಹೇಳಿದ, ಹಾಕಿ ಪಂದ್ಯವನ್ನೂ ಬಿಡಲಿಲ್ಲ. ಮಾರ್ನಿಯ ಮುಖ ಬಿಳಿಚಿತು.

"ಒಂದು ಆಟ ನೋಡೋಕಾ? ಮೂರು ವರ್ಷದಿಂದ ದಿನಾ ನನ್ನ ಪಕ್ಕದಲ್ಲೇ ಕೂತು ಕಾಫಿ ಕುಡಿದ್ರಲ್ಲ, ಬಾಯಿ ಸತ್ತೋಗಿತ್ತಾ?"

"ನೀನು ಬೆನ್ನು ಅಳೀತಿದೀಯ ಅಂತ ಇವತ್ತೇ ಗೊತ್ತಾಗಿದ್ದು. ಬರೀ ಬಾಯಿ, ಕಿವಿರು ಅಂದ್ಕೊಂಡಿದ್ದೆ."

ಅವಳು ಕೋಟು ಎಳೆದುಕೊಂಡು ಬಾಗಿಲನ್ನು ಧಡಾರನೆ ಹಾಕಿ ಹೋದಳು. ಆರ್ವೋನಿಗೆ ಬೆನ್ನಟ್ಟಿ ಹೋಗಿ ಕ್ಷಮೆ ಕೇಳಬೇಕೆನಿಸಿತು, ಆದರೆ ಕಪಾಟಿನತ್ತ ನಡೆದು ಮೇಲಿನ ಸರೋವರದ ಜಾಡಿಯೊಂದನ್ನು ಇಳಿಸಿದ.

ಜಾಡಿಯೊಳಗೆ ಒಮ್ಮೆ ಬಿದ್ದ ವಿವರದ ಚೀಟಿಯನ್ನು, ಅದು ತಪ್ಪೇ ಇರಲಿ, ಆ ಮ್ಯೂಸಿಯಮ್ಮಿನಲ್ಲಿ ಯಾರೂ ತೆಗೆಯುವಂತಿರಲಿಲ್ಲ. ತಿದ್ದುವವರು ಪಕ್ಕದಲ್ಲಿ ಇನ್ನೊಂದನ್ನು ಹಾಕಿ ರುಜು ಮಾಡಬೇಕು. ಆರ್ವೋ ಅಳಿಸಲಾಗದ ಶಾಯಿಯಲ್ಲಿ ಬರೆದ: 'ಈ ಮೀನುಗಳು ಬಾಗಿದ್ದು ಜಾಡಿಯಲ್ಲಿ, ಸರೋವರದಲ್ಲಲ್ಲ.' ಕೆಳಗೆ ಹೆಸರು ಹಾಕಿದ. ಆದರೆ ಸಂಧಿವಾತದ ಬೆರಳಿಗೆ ಮುಚ್ಚಳ ಜಗ್ಗಲಿಲ್ಲ.

"ಕೊಡಿ ಇಲ್ಲಿ."

ಮಾರ್ನಿ ಯಾವಾಗ ಬಂದಳೋ, ಕೋಟಿನ ಮೇಲೆ ಹಿಮವಿತ್ತು, ಕಣ್ಣು ಕೆಂಪಾಗಿತ್ತು. ಚೀಟಿಯನ್ನು ಎರಡು ಸಲ ಓದಿದಳು.

"ಪೆನ್ನು."

"ಯಾಕೆ?"

"ಇನ್ನೂರ ಹನ್ನೆರಡು ಮೀನನ್ನ ಕೈಯಲ್ಲೆತ್ತಿ ಅಳೆದವಳು ನಾನು. ಒಂದ್ಸಲನಾದ್ರೂ ಅನುಮಾನ ಬರಬೇಕಿತ್ತು."

ಅವನ ಹೆಸರಿನ ಕೆಳಗೆ ತನ್ನದನ್ನೂ ಬರೆದಳು. ಮುಚ್ಚಳ ತಿರುಪಿ ತೆಗೆದಳು. ಆಲ್ಕೋಹಾಲಿನಲ್ಲಿ ಚೀಟಿ ನಿಧಾನವಾಗಿ ಇಳಿಯಿತು. ಅದು ಎರಡು ಬಾಲಗಳ ನಡುವೆ ಸಿಕ್ಕಿ ನಿಲ್ಲುವವರೆಗೆ ಇಬ್ಬರೂ ನೋಡುತ್ತಾ ನಿಂತರು.