ಸೀರೆ ಗಂಟಿನ ಮೇಲೊಂದು ಮರಿ

ಇಳಕಲ್ಲಿನ ಸೀರೆ ವ್ಯಾಪಾರಿ ಮುರ್ತುಜಸಾಬನಿಗೆ ದೇವರು ಕೊಟ್ಟದ್ದು ಒಂದು ಮುದಿ ತಟ್ಟು ಕುದುರೆ, ಒಂದು ಸೀರೆ ಗಂಟು, ಮತ್ತೆ ಹೊಗಳುವ ನಾಲಿಗೆ. ಕುದುರೆ ಕುಂಟಿದರೂ ನಾಲಿಗೆ ಎಂದೂ ಕುಂಟಿದ್ದಿಲ್ಲ. ಬಣ್ಣ ಬಿಡುವ ಸೀರೆಯನ್ನೂ ಮೊಮ್ಮಕ್ಕಳ ಕಾಲದವರೆಗೆ ಬಾಳುತ್ತದೆಂದು ಹೇಳಿ ಮಾರಿ ಬರುವ ಆಸಾಮಿ.

ಒಂದು ದಿನ ಹಳ್ಳಿ ತಿರುಗಿ ಬರುವಾಗ ಮರೋಳದ ಹಳ್ಳದಲ್ಲಿ, ಜಾಲಿಯ ಬೇರಿಗೆ ಸಿಕ್ಕಿಕೊಂಡ ಗೋಣಿಚೀಲವೊಂದು ಮಿಸುಕುವುದನ್ನು ಅವನು ಕಂಡ. ಬಿಚ್ಚಿದರೆ ನಾಯಿಮರಿಗಳು. ಉಳಿದವೆಲ್ಲ ತಣ್ಣಗಾಗಿದ್ದವು, ಒಂದು ಮಾತ್ರ ಅವನ ಬೆರಳನ್ನು ಚೀಪತೊಡಗಿತು. ಯಾವ ಪಾಪಿಯ ಕೆಲಸವೋ ಎಂದು ಶಪಿಸುತ್ತ ಅದನ್ನು ರುಮಾಲಿನಲ್ಲಿ ಸುತ್ತಿ ಮನೆಗೆ ತಂದ. ಮೂತಿ, ಕಾಲು ಮುಧೋಳದ ಬೇಟೆನಾಯಿಯಂತೆ ಉದ್ದ. ಬಾಲ ಮಾತ್ರ ಬೀದಿನಾಯಿಯದು, ಸುರುಳಿ.

"ನಾಯಿ ಇರೋ ಮನಿಗೆ ಅಲ್ಲಾನ ದೂತರು, ಫರಿಸ್ತೇರು ಬರಂಗಿಲ್ಲ," ಎಂದಳು ಹೆಂಡತಿ ಜೋಹರಾ. ಹೆಂಡತಿಯನ್ನು ಹೇಗೋ ಒಪ್ಪಿಸಬಹುದಿತ್ತು, ನೇಕಾರರ ಓಣಿಯನ್ನು ಒಪ್ಪಿಸುವುದು ಆಗಲಿಲ್ಲ. ಅಲ್ಲಿ ಬೆಳಗಾದರೆ ಬೀದಿಯುದ್ದಕ್ಕೂ ಮಗ್ಗಕ್ಕೆ ಏರಿಸುವ ಹಾಸಿನ ನೂಲು ಎಳೆದು ಕಟ್ಟಿ ಗಂಜಿ ಹಚ್ಚುತ್ತಾರೆ. ಮರಿಗೆ ಗಂಜಿಯ ವಾಸನೆ ಬಡಿಯಿತು. ನೆಕ್ಕುತ್ತ ನೆಕ್ಕುತ್ತ ನೂಲಿನೊಳಗೇ ಹೊಕ್ಕು ಎಳೆಗಳನ್ನು ಹರಿದಿಟ್ಟಿತು.

"ನಾಳೆ ಈ ಮರಿ ಇಲ್ಲಿ ಕಂಡರ ನಿನಗ ಸೀರಿ ಕೊಡೂದು ಬಂದ್," ಎಂದು ಓಣಿಯವರೆಲ್ಲ ಬಾಗಿಲಿಗೆ ಬಂದು ಹೇಳಿ ಹೋದರು.

ಮರುದಿನ ಮರಿ ಸೀರೆ ಗಂಟಿನ ಮೇಲೆ ಕೂತು ಹೊರಟಿತು. ಮರೋಳದ ದಾರಿಯಲ್ಲಿ ಕುರಿ ಕಾಯುವ ಹಣಮಪ್ಪ ಸಿಕ್ಕ. ಅವನ ನಾಯಿಯನ್ನು ಈಚೆಗೆ ತೋಳ ಕೊಂದಿತ್ತು. ಮರಿಯನ್ನು ಕಂಡದ್ದೇ ಕೈ ಚಾಚಿದ.

"ಬೆರಕಿ ಮರಿಪಾ ಇದು," ಎಂದು ಮುರ್ತುಜಸಾಬ ಅಪರೂಪಕ್ಕೊಂದು ಖರೆ ಮಾತಾಡಿದ.

"ಆದ್ರೇನಾತ್ರಿ ಸಾಬರ? ನಿಮ್ಮ ಸೀರಿ ಬೆರಕಿ ಅಲ್ಲೇನು? ಒಡಲು ಹತ್ತಿ, ಸೆರಗು ರೇಷ್ಮಿ. ಹೆಣ್ಮಕ್ಕಳು ಅದಕ್ಕ ಜೀವ ಬಿಡ್ತಾರ. ಕೊಡ್ರಿ, ನಾ ಉಂಡದ್ದ ಅದಕ್ಕೂ ಹಾಕ್ತೇನಿ."

ಕೊಟ್ಟುಬಿಡಬೇಕಿತ್ತು. ಆದರೆ ಮುರ್ತುಜಸಾಬ ಹಣಮಪ್ಪನ ಹರಕು ಕಂಬಳಿ ನೋಡಿದ, ನೆತ್ತಿ ಸುಡುವ ಬಿಸಿಲು ನೋಡಿದ. ಸತ್ತು ಬದುಕಿದ ಜೀವಕ್ಕೆ ಇದಕ್ಕಿಂತ ಒಳ್ಳೆಯ ಮನೆ ಸಿಗಲೆಂದು ಆಸೆಪಟ್ಟ. ಮುಂದಿನ ಊರಿನ ಈರಪ್ಪ ದೇಸಾಯಿಯವರ ವಾಡೆಯಲ್ಲಿ ಬೇಟೆನಾಯಿಗಳಿಗೆ ಹಾಲು, ರೊಟ್ಟಿ, ಮಲಗಲು ಜಮಖಾನ. ಬ್ರಿಟಿಷ್ ಕಲೆಕ್ಟರ್ ಸಾಹೇಬರೇ ಅವುಗಳ ಬೆನ್ನು ಹತ್ತಿ ಮೊಲದ ಬೇಟೆಗೆ ಬರುತ್ತಿದ್ದರು.

"ದೇಸಾಯರು ಒಲ್ಲೆ ಅಂದ್ರ ಸಂಜೀಕ ನಿನಗ ತರ್ತೇನಿ," ಎಂದ.

ವಾಡೆಯ ಅಂಗಳದಲ್ಲಿ ದೇಸಾಯಿಯವರು ಮರಿಯನ್ನು ಎತ್ತಿ, ತಿರುಗಿಸಿ ನೋಡಿದರು. "ಬಾಲ ಸುರುಳಿ ಐತಲ್ಲೋ?"

"ಇನ್ನೂ ಕೂಸೈತ್ರಿ ಧಣ್ಯಾರ, ಬೆಳದಂಗ ನೆಟ್ಟಗಾಗ್ತೈತಿ. ಅಸಲ ಮುಧೋಳದ ರಕ್ತ!"

ಅಷ್ಟರಲ್ಲಿ ಒಳಗಿನಿಂದ ಬೂದು ಬಣ್ಣದ ಹೆಣ್ಣುನಾಯಿಯೊಂದು ಹಗ್ಗ ಹರಿದುಕೊಂಡು ಓಡಿಬಂತು. ಮರಿಯನ್ನು ಮೂಸಿತು, ನಡುಗಿತು, ತಲೆಯಿಂದ ಬಾಲದವರೆಗೆ ನೆಕ್ಕಿತು. ಅಲ್ಲೇ ಅಂಗಳದಲ್ಲಿ ಅಡ್ಡಾಗಿ ತುಂಬಿದ ಮೊಲೆ ಕೊಟ್ಟಿತು. ಮರಿ ಬಾಯಿ ಹಚ್ಚಿತು.

"ನೋಡ್ರಿ ಧಣ್ಯಾರ! ನಿಮ್ಮ ನಾಯೀನ ಸಾಕ್ಷಿ ಹೇಳ್ತು. ತನ್ನ ರಕ್ತಾನ ಹೆಂಗ ಗುರುತ ಹಿಡೀತು!" ಎಂದು ಮುರ್ತುಜಸಾಬ ಹಿಗ್ಗಿ ಚಪ್ಪಾಳೆ ತಟ್ಟಿದ.

ಆಳುಮಗ ನೆಲ ನೋಡತೊಡಗಿದ.

"ಎಲ್ಲಿ ಸಿಕ್ತು ಇದು? ಹಳ್ಳದಾಗೇನು?" ಎಂದು ದೇಸಾಯಿಯವರು ಮೆಲ್ಲಗೆ ಕೇಳಿದರು.

ಆಗ ಮುರ್ತುಜಸಾಬನಿಗೆ ಹೊಳೆಯಿತು. ಗೋಣಿಚೀಲ ಕಟ್ಟಿ ಎಸೆದ ಮನೆಗೇ ತಾನು ಮರಿಯನ್ನು ಹೊತ್ತು ತಂದಿದ್ದ.

"ಸುಳ್ಳು ಹೇಳಿದೆನ್ರಿ, ಅದು ಬೆರಕಿ. ಕುರಿ ಕಾಯಾಂವ ಕೇಳ್ಯಾನ, ತಿರುಗಿ ಕೊಟ್ಟಬಿಡ್ರಿ," ಎಂದು ಕಾಲು ಹಿಡಿಯಹೋದ.

"ನನ್ನ ನಾಯಿ ಬೀದಿನಾಯಿಗೆ ಹಡದೈತಿ ಅಂತ ಊರೂರಿಗೆ ಸಾರಾಕೇನು? ಸಾಹೇಬರ ಮುಂದ ನಾ ಮಾರಿ ಹೆಂಗ ಎತ್ತಲಿ?" ದೇಸಾಯಿಯವರು ಆಳಿನ ಕಡೆ ತಿರುಗಿದರು. "ಈ ಸಲ ಚೀಲದಾಗ ಕಲ್ಲು ಹಾಕು."

ಮೊಲೆಯಿಂದ ಕಿತ್ತಾಗ ಮರಿಯ ಬಾಯಲ್ಲಿ ಇನ್ನೂ ಹಾಲಿತ್ತು.

"ಸಾಬ, ಗಂಟು ಬಿಚ್ಚೋ," ಎಂದು ಪಡಸಾಲೆಯಿಂದ ದೇಸಾಯಿಯವರ ಹೆಂಡತಿ ಗುರುಸಿದ್ದವ್ವ ಕರೆದರು. ಬಿಚ್ಚಿದ. ಹಿತ್ತಲಲ್ಲಿ ತಾಯಿನಾಯಿ ಊಳಿಡುತ್ತಿತ್ತು. ಹಾಳು ನಾಲಿಗೆ ತನ್ನಷ್ಟಕ್ಕೆ ತಾನೇ ಸೆರಗು ಹೊಗಳಿತು, ದಡಿ ಹೊಗಳಿತು, ಬಣ್ಣ ಹೊಗಳಿತು. ಅದನ್ನು ಕಿತ್ತು ಅದೇ ಹಳ್ಳಕ್ಕೆ ಎಸೆಯಬೇಕೆನಿಸಿತು ಅವನಿಗೆ.

ಸಂಜೆ ಹಣಮಪ್ಪ ದಾರಿಯಲ್ಲೇ ಕಾಯುತ್ತ ನಿಂತಿದ್ದ, ಕೈಯಲ್ಲಿ ಒಂದು ಬಟ್ಟಲು ಕುರಿಯ ಹಾಲು. ಗಂಟಿನ ಮೇಲೆ ಮರಿ ಕಾಣದೆ ಅವನ ಮುಖ ಸಪ್ಪಗಾಯಿತು.

"ದೇಸಾಯರು ಇಟ್ಟಕೊಂಡ್ರೇನ್ರಿ?"

"ಹೂಂ. ಭಾಳ ದೊಡ್ಡ ಮನಿ ಸೇರ್ತು. ಅದರವ್ವನೂ ಅಲ್ಲೇ ಐತಿ."

"ಪುಣ್ಯಾ ಮಾಡಿತ್ತು ಬಿಡ್ರಿ," ಎಂದ ಹಣಮಪ್ಪ ಖುಷಿಯಿಂದ. ಬಟ್ಟಲನ್ನು ಸಾಬನ ಕೈಗೇ ಕೊಟ್ಟ. "ದಣದು ಬಂದೀರಿ. ನೀವರ ಕುಡೀರಿ."

ಬೇಡವೆನ್ನಲು ಮುರ್ತುಜಸಾಬನಿಗೆ ನಾಲಿಗೆ ಏಳಲಿಲ್ಲ. ಕುಡಿದ.