ಐದು ಸಾಲಿನ ಪಟ್ಟಿ

ಸಿದ್ದೀಕಾ ದಾವಣಗೆರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ಪಿಎಚ್.ಡಿ. ಮಾಡುತ್ತಿದ್ದಳು. ೧೯೯೮ರಲ್ಲಿ ಅವಳು ಹಿಡಿದಿದ್ದ ವಿಷಯ ಗ್ರಾಫೀನ್, ಅಂದರೆ ಪೆನ್ಸಿಲ್ಲಿನ ಗ್ರಾಫೈಟಿನಲ್ಲಿರುವ, ಒಂದೇ ಪರಮಾಣುವಿನಷ್ಟು ದಪ್ಪದ ಪದರ. ಅದನ್ನು ಬಿಡಿಯಾಗಿ ಎತ್ತಿ ತೋರಿಸಿದವರು ಆಗಿನ್ನೂ ಯಾರೂ ಇರಲಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಲು ಅಡ್ಡಿಯಿರಲಿಲ್ಲ. ಆ ಪದರದಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಕಿರಿದಾದ ಪಟ್ಟಿಯಾಗಿ ಕತ್ತರಿಸಿದರೆ ಎಲೆಕ್ಟ್ರಾನುಗಳು ದಾಟಬೇಕಾದ ಒಂದು ಶಕ್ತಿಯ ಅಂತರ, ಬ್ಯಾಂಡ್ ಗ್ಯಾಪ್, ಹುಟ್ಟುತ್ತದೆ. ಆಗ ಕರೆಂಟನ್ನು ಬೇಕೆಂದಾಗ ನಿಲ್ಲಿಸಬಹುದು. ಎಷ್ಟು ಅಗಲಕ್ಕೆ ಎಷ್ಟು ಗ್ಯಾಪ್ ಎಂಬುದೇ ಅವಳ ಪ್ರಶ್ನೆ.

ಕಂಪ್ಯೂಟರ್ ಕೊಟ್ಟ ಉತ್ತರ ವಿಚಿತ್ರವಾಗಿತ್ತು. ನಾಲ್ಕು ಸಾಲು ಪರಮಾಣುಗಳ ಪಟ್ಟಿಗೆ ಗ್ಯಾಪ್ ಇತ್ತು, ಐದಕ್ಕೆ ಪೂರ್ತಿ ಸೊನ್ನೆ. ಆರಕ್ಕೆ ಮತ್ತೆ ಬಂದು, ಎಂಟಕ್ಕೆ ಮತ್ತೆ ಸೊನ್ನೆ.

ಅವಳ ಗೈಡ್ ಬಸವಪ್ರಭು ಪ್ರಿಂಟೌಟ್ ನೋಡಿ ಅಡ್ಡಡ್ಡ ತಲೆಯಾಡಿಸಿದರು. "ಪ್ರೋಗ್ರಾಂನಾಗ ಎಲ್ಲೋ ತಪ್ಪೈತೆ ನೋಡಮ್ಮ. ಅಗಲ ಹೆಚ್ಚಿದಂಗೆ ಗ್ಯಾಪ್ ಮೆಲ್ಲಗೆ ಇಳೀಬೇಕು. ಇದನ್ನ ಸೆಮಿನಾರಿನಾಗ ಹೇಳಬ್ಯಾಡ."

ಭಾನುವಾರ ಅವಳು ಹರಿಹರಕ್ಕೆ ಹೋದಳು. ಅವಳ ತಂದೆ ಫಜಲುಲ್ಲಾ ಅಲ್ಲಿ ತಂತಿ ಜಾಲರಿಯ ಅಂಗಡಿ ಇಟ್ಟಿದ್ದರು. ಕೋಳಿ ಗೂಡಿಗೆ ಹಾಕುವ ಆರು ಮೂಲೆ ಕಣ್ಣಿನ ಜಾಲರಿಯಲ್ಲಿ ಐದು ಸಾಲಿನ ಪಟ್ಟಿ ಕತ್ತರಿಸಿಕೊಡಿ ಎಂದಳು. ಗ್ರಾಫೀನಿನಲ್ಲಿ ಪರಮಾಣುಗಳು ಕೂತಿರುವುದೂ ಇಂಥದೇ ಕಣ್ಣುಗಳ ಮೂಲೆಗಳಲ್ಲಿ.

"ಅಂಚಿನಾಗ ಕಣ್ಣು ಅರ್ಧಕ್ಕೆ ತುಂಡಾದ್ರೆ ನಡೀತದೇನು?" ಎಂದು ಫಜಲುಲ್ಲಾ ಕೇಳಿದರು.

"ಇಲ್ಲ ಅಬ್ಬಾ. ಅಂಚು ಹೆಂಗೈತೆ ಅನ್ನೋದ್ರ ಮ್ಯಾಲೇ ಎಲ್ಲ ನಿಂತೈತೆ."

ಅವರು ಕನ್ನಡಕ ಏರಿಸಿ, ಒಂದೊಂದೇ ತಂತಿ ನೋಡಿ ಕತ್ತರಿಸಿದರು. ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಯಾವ ಪರಮಾಣುವಿಗೆ ಯಾವುದು ನೆರೆ ಎಂದು ಬೆರಳಿಟ್ಟು ನೋಡುತ್ತ, ಅವಳು ಕೈಯಲ್ಲೇ ಸಮೀಕರಣ ಬರೆದಳು. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಒಂದೇ ಸಾಲು: ಒಂದು ಕೋನದ ಕೊಸೈನನ್ನು ಎರಡು ಪಟ್ಟು ಮಾಡಿ ಒಂದಕ್ಕೆ ಕೂಡಿಸಿದರೆ ಗ್ಯಾಪ್ ಎಷ್ಟೆಂದು ತಿಳಿಯುತ್ತದೆ. ಐದು ಸಾಲಿಗೆ ಆ ಕೋನ ನೂರಿಪ್ಪತ್ತು ಡಿಗ್ರಿ ಬಂತು. ಅದರ ಕೊಸೈನ್ ಮೈನಸ್ ಅರ್ಧ. ಉತ್ತರ ಸೊನ್ನೆ. ಎಂಟಕ್ಕೂ ಅದೇ ಕೋನ, ಹನ್ನೊಂದಕ್ಕೂ ಅದೇ. ಪ್ರೋಗ್ರಾಂ ಸರಿಯಾಗಿಯೇ ಇತ್ತು. ಅವಳು ಪೆನ್ನು ಕೆಳಗಿಟ್ಟಳು.

ಸೆಮಿನಾರಿನ ದಿನ ಫಜಲುಲ್ಲಾ ಅಂಗಡಿ ಮುಚ್ಚಿ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಸಿದ್ದೀಕಾ ಆ ಒಂದು ಸಾಲನ್ನು ಬೋರ್ಡಿನ ಮೇಲೆ ಬರೆದು ಬಿಡಿಸಿದಳು. ಬಸವಪ್ರಭು ಎದ್ದು ನಿಂತರು.

"ಇದು ತಪ್ಪು ಅಂತ ನಾನೇ ಹೇಳಿದ್ದೆ. ತಪ್ಪು ನನ್ನದು. ಪಟ್ಟಿಯ ಅಗಲ ಆರಿಸಿಕೊಂಡೇ ಗ್ಯಾಪ್ ಬೇಕೋ ಬ್ಯಾಡೋ ಅಂತ ತೀರ್ಮಾನಿಸಬಹುದು ಅಂತ ಇವತ್ತು ಈಕೆಯಿಂದ ಕಲಿತೆ."

ಆಮೇಲೆ ಅವರು ಹಿಂದಿನ ಬೆಂಚಿಗೆ ಬಂದರು. "ನಿಮ್ಮ ಮಗಳು ನನ್ನನ್ನೇ ತಿದ್ದಿದಳ್ರಿ."

"ಮನೇಲೂ ಹಂಗೇ ರೀ," ಎಂದರು ಫಜಲುಲ್ಲಾ.

ಸಂಜೆ ಹರಿಹರದ ಬಸ್ಸಿನಲ್ಲಿ ಫಜಲುಲ್ಲಾರ ಪಕ್ಕ ಕೂತವರು ಎಲ್ಲಿಗೆ ಹೋಗಿದ್ರಿ ಎಂದು ಕೇಳಿದರು.

"ಕಾಲೇಜಿಗೆ," ಎಂದರು ಅವರು. "ನನ್ನ ಮಗಳು ಪಾಠ ಮಾಡಿದ್ಲು. ಮೇಷ್ಟ್ರುಗಳೆಲ್ಲ ಕೂತು ಕೇಳಿದ್ರು."